ಕಬಿನಿ ಕಾಡಿನ ಮಬ್ಬು ಬೆಳಕು, ವೇಗದ ಫಿಲ್ಮು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚಿಗೆ ಹಬ್ಬಿರುವ ನಾಗರಹೊಳೆ-ಕಾಕನಕೋಟೆ ಕಾಡಿನಲ್ಲಿ ಛಾಯಾಗ್ರಾಹಕರನ್ನು ಹೆಚ್ಚು ಕಾಡಿದ್ದು ಬೆಳಕಿನ ಅಭಾವ. ಆನೆ, ಕಾಟಿ, ಹುಲಿ ಬಯಲಿಗೆ ಬರುವುದು ನಸುಕಿನಲ್ಲಿ, ಇಲ್ಲವೇ ಹೊತ್ತು ಮುಳುಗುವಾಗ. ಬಿದಿರ ಮೆಳೆಯೊಳಗೆ ಆಗ ಕಣ್ಣಿಗೆ ಕಂಡದ್ದು ಫಿಲ್ಮಿಗೆ ಕಾಣುತ್ತಿರಲಿಲ್ಲ.

1935ರಲ್ಲಿ ಚಿತ್ರ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ಮೈಸೂರಿಗೆ ಬಂದರು. ಅದರ ಬಾಲನಾಯಕ ಸಾಬು, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದ ಮಾವುತನೊಬ್ಬನ ಮಗ. ಚಿತ್ರ 1937ರಲ್ಲಿ ತೆರೆಕಂಡು ವೆನಿಸ್‌ನಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಫ್ಲಾಹರ್ಟಿ ಹೊಸ ಫಿಲ್ಮುಗಳಿಗೆ ಹೆದರಿದವರಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ ಸಮೋವಾದಲ್ಲಿ, ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೋಮ್ಯಾಟಿಕ್ ಫಿಲ್ಮು ಬಳಸಿ, ಅದನ್ನು ಅಲ್ಲಿನ ಗುಹೆಯೊಂದರಲ್ಲೇ ತೊಳೆಸಿದ್ದರು. ಆದರೂ ಮೈಸೂರಿನ ಚಿತ್ರೀಕರಣದ ಹೊತ್ತಿಗೆ ನಿಜವಾದ ವೇಗದ ಫಿಲ್ಮು, ಅಂದರೆ ಕಡಿಮೆ ಬೆಳಕಿಗೂ ಸ್ಪಂದಿಸುವ ಫಿಲ್ಮು, ಬಂದಿರಲಿಲ್ಲ. ಚಿನ್ನದ ಲವಣ ಬೆರೆಸಿದರೆ ಎಮಲ್ಷನ್ನಿನ ವೇಗ ಹೆಚ್ಚುತ್ತದೆಂದು ಅಗ್ಫಾದ ರಾಬರ್ಟ್ ಕೊಸ್ಲೊವ್ಸ್ಕಿ ಕಂಡುಕೊಂಡದ್ದು 1936ರಲ್ಲಿ. ಕೊಡಕ್‌ನ ಸೂಪರ್ ಡಬಲ್ ಎಕ್ಸ್ ಬಂದದ್ದು 1938ರಲ್ಲಿ.

ಸ್ಥಿರಚಿತ್ರದವರಿಗೆ ದಾರಿ ತೆರೆದದ್ದು 1954. ಆ ವರ್ಷ ಕೊಡಕ್‌ನ ವೇಗದ ಫಿಲ್ಮಾದ ಟ್ರೈ-ಎಕ್ಸ್ 35 ಮಿ.ಮೀ. ರೀಲಿನಲ್ಲಿ ಸಿಗತೊಡಗಿತು. ಆಮದು ಬಿಗಿಯಾಗಿದ್ದ ಭಾರತದಲ್ಲಿ ಪೂರ್ವ ಜರ್ಮನಿಯ ಓರ್ವೋ, ಮುಂದೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಫಿಲ್ಮುಗಳು ಚಾಲ್ತಿಗೆ ಬಂದವು. ನೂರಡಿ ಡಬ್ಬಿ ಕೊಂಡು ಕತ್ತಲಲ್ಲಿ ಸುತ್ತಿಕೊಂಡರೆ 36 ಚಿತ್ರಗಳ ಹದಿನೆಂಟು ರೀಲು ಸಿಗುತ್ತಿದ್ದವು.

ವೇಗದ ಬೆಲೆ ಏನೆಂಬುದು ಲೆಕ್ಕದಲ್ಲಿ ಸ್ಪಷ್ಟ. ಎಫ್ 5.6ರ ಟೆಲಿಲೆನ್ಸಿಗೆ 64 ಎಎಸ್‌ಎ (ಫಿಲ್ಮಿನ ವೇಗದ ಅಳತೆ) ಫಿಲ್ಮು ಹಾಕಿದರೆ ಬಿಸಿಲಿನಲ್ಲಿ ಸೆಕೆಂಡಿನ 1/500 ಭಾಗ ಸಾಕು. ಬೆಳಕು ಆರು ಸ್ಟಾಪ್ (ಒಂದೊಂದು ಸ್ಟಾಪಿಗೂ ಅರ್ಧದಷ್ಟು) ಇಳಿದ ಸಂಜೆಯಲ್ಲಿ ಅದೇ 1/8 ಆಗುತ್ತದೆ. ಆನೆ ಕಿವಿ ಬೀಸಿದರೂ ಚಿತ್ರ ಕಲಸಿಹೋಗುತ್ತದೆ. 400 ಎಎಸ್‌ಎಗೆ 1/50. ಅದನ್ನೇ 1600 ಎಂದು ಭಾವಿಸಿ ತೆಗೆದರೆ 1/200, ಅಂದರೆ ಹೇಗೋ ನಿಭಾಯಿಸಬಹುದಾದ ವೇಗ. ಹೀಗೆ ಕಡಿಮೆ ಬೆಳಕು ಕೊಟ್ಟ ಫಿಲ್ಮನ್ನು ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟು ಸರಿದೂಗಿಸುವುದೇ ‘ಪುಶ್’ ಮಾಡುವುದು. ಇದರಿಂದ ಫಿಲ್ಮಿಗೆ ಹೊಸ ಸೂಕ್ಷ್ಮತೆ ಬರುವುದಿಲ್ಲ. ಆನೆಯ ಬೆನ್ನಿನ ಮೇಲಿನ ಬೆಳಕು ಏರುತ್ತದೆ, ಹೊಟ್ಟೆಯ ಕೆಳಗಿನ ನೆರಳು ಕಪ್ಪಾಗಿಯೇ ಉಳಿಯುತ್ತದೆ, ಗ್ರೇನ್ ದಪ್ಪವಾಗುತ್ತದೆ. ನೆರಳನ್ನು ಬಿಟ್ಟುಕೊಟ್ಟು ಆಕಾರವನ್ನು ಉಳಿಸಿಕೊಂಡವರಿಗೇ ಈ ವಿಧಾನ ಒಲಿದದ್ದು.

ಕಷ್ಟವಿದ್ದದ್ದು ಡಾರ್ಕ್ ರೂಮಿನಲ್ಲಿ. ಮೆಟಾಲ್, ಹೈಡ್ರೋಕ್ವಿನೋನ್, ಬೊರಾಕ್ಸ್, ಸೋಡಿಯಂ ಸಲ್ಫೈಟ್ ಸೇರಿದ ಡಿ-76 ಡೆವಲಪರಿನಲ್ಲಿ ಇಡಬೇಕಾದ ಹೊತ್ತನ್ನು ಪುಸ್ತಕಗಳು 20 ಡಿಗ್ರಿಗೆ ಲೆಕ್ಕ ಹಾಕಿ ಹೇಳುತ್ತವೆ. ಮೈಸೂರು ಸೀಮೆಯ ಬೇಸಿಗೆಯಲ್ಲಿ ನಲ್ಲಿ ನೀರೇ 28 ಡಿಗ್ರಿ ಮುಟ್ಟೀತು. ಆಗ ಕೆಲಸ ಹೆಚ್ಚುಕಡಿಮೆ ಅರ್ಧ ಹೊತ್ತಿಗೆ ಮುಗಿಯುತ್ತದೆ, ಜೆಲಾಟಿನ್ ಉಬ್ಬಿ ಮೆತ್ತಗಾಗುತ್ತದೆ. ಬಿಸಿ ನಾಡುಗಳಲ್ಲಿ ಇದಕ್ಕೆ ಪರಿಹಾರವೂ ಇತ್ತು: ಟ್ರೇಯ ಸುತ್ತ ಐಸ್ ಇಡುವುದು, ಉಬ್ಬು ತಡೆಯಲು ಡೆವಲಪರಿಗೆ ಸೋಡಿಯಂ ಸಲ್ಫೇಟ್ ಬೆರೆಸುವುದು, ಬಳಿಕ ಕ್ರೋಮ್ ಆಲಂ ದ್ರಾವಣದಲ್ಲಿ ಗಟ್ಟಿಮಾಡುವುದು. ಹೆಚ್ಚು ಹೊತ್ತು ತೊಳೆಯಬೇಕಾದ ಪುಶ್ ಫಿಲ್ಮಿಗೆ ಇಷ್ಟೂ ಜೋಪಾನ ಬೇಕಿತ್ತು. ಕೆ.ಆರ್. ನಗರದಂಥ ಊರುಗಳ ಸ್ಟುಡಿಯೋ ಕೆಲಸಕ್ಕೆ ಈ ಗೋಜಿರಲಿಲ್ಲ. ಮದುವೆ ಮನೆಗೆ ಫ್ಲ್ಯಾಶ್ ಸಾಕಾಗುತ್ತಿತ್ತು.

ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಮುಗಿದಾಗ ಆ ನೆಲ ಹಿನ್ನೀರಿನಲ್ಲಿ ಮುಳುಗಿತು. ಛಾಯಾಗ್ರಹಣದ ಮಟ್ಟಿಗೆ ಇದು ದೊಡ್ಡ ಬದಲಾವಣೆ, ಆದರೂ ಇದನ್ನು ಗಮನಿಸಿದವರು ಕಡಿಮೆ. ಬೇಸಿಗೆಯಲ್ಲಿ ನೀರು ಇಳಿದು ಹುಲ್ಲು ಚಿಗುರಿದಾಗ ಆನೆ ಹಿಂಡುಗಳು ಬಟ್ಟಬಯಲಿಗೇ ಬರತೊಡಗಿದವು, ನಿಧಾನದ ಕಲರ್ ಫಿಲ್ಮಿಗೂ ಬೆಳಕು ಒದಗಿತು. 1980ರ ದಶಕದಲ್ಲಿ ಕಾರಾಪುರದ ಪ್ರವಾಸಿ ವಸತಿಗೃಹಕ್ಕೆ ಬಂದವರಲ್ಲಿ ಹಲವರು ಇದೇ ಹಿನ್ನೀರಿನಲ್ಲಿ ಆನೆಗಳ ಚಿತ್ರ ತೆಗೆದರು.

ಕಾಡಿನೊಳಗಿನ ಕತ್ತಲೆಗೆ ವಿಜ್ಞಾನ ಬೇರೆ ಉತ್ತರ ಕಂಡುಕೊಂಡಿತು. 1990ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟರು. ಹುಲಿ ಹಾದುಹೋದೊಡನೆ ಫ್ಲ್ಯಾಶ್ ಬೆಳಗುತ್ತಿದ್ದರಿಂದ ವೇಗದ ಫಿಲ್ಮಿನ ಹಂಗೇ ಇರಲಿಲ್ಲ. ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಸಂಖ್ಯೆ ಅಂದಾಜಿಸುವ ಅವರ ಪ್ರಬಂಧ 1995ರಲ್ಲಿ ಪ್ರಕಟವಾಯಿತು. ಹೊತ್ತು ಮುಳುಗುವಾಗ ಕೈಯಲ್ಲೇ ಕ್ಯಾಮೆರಾ ಹಿಡಿಯುವವರು ಮಾತ್ರ ಡಿಜಿಟಲ್ ಬರುವವರೆಗೆ ಪುಶ್ ಮಾಡುತ್ತಲೇ ಇದ್ದರು. 2007ರಲ್ಲಿ ಬಂದ ನಿಕಾನ್ ಡಿ3 ಐಎಸ್ಒ 6400ರವರೆಗೆ ಹೋದಾಗ ಆ ಕೆಲಸಕ್ಕೆ ಡೆವಲಪರು, ಐಸು ಎರಡೂ ಬೇಡವಾದವು.