ವಡ್ಡವಾರವೂ ಸಬ್ಬತ್ತೂ

ಕನ್ನಡ ಶಾಸನಗಳ ಕಾಲನಿರ್ದೇಶದಲ್ಲಿ ಸೋಮವಾರ, ಬುಧವಾರಗಳಂತೆಯೇ ‘ವಡ್ಡವಾರ’ವೆಂಬ ಶಬ್ದವೂ ಬರುವುದು. ಇಂದಿನ ಪಂಚಾಂಗಗಳಲ್ಲಿ ಇದು ಇಲ್ಲ. ಪ್ರಾಕೃತದಲ್ಲಿ ವಡ್ಡವೆಂದರೆ ದೊಡ್ಡದು. ದೊಡ್ಡವನು ಗುರುವಾದುದರಿಂದ ಗುರುವಾರವಿರಬೇಕೆಂದು ಊಹಿಸಲು ಯಾರಿಗಾದರೂ ಮನಸ್ಸಾಗುವುದು. ಆದರೆ ವ್ಯುತ್ಪತ್ತಿಯೊಂದೇ ಪ್ರಮಾಣವಲ್ಲ. ಶಾಸನವು ಶಕವರ್ಷ, ಮಾಸ, ಪಕ್ಷ, ತಿಥಿಗಳನ್ನೂ ಹೇಳುವುದರಿಂದ ಗಣಿತದಿಂದ ವಾರವನ್ನು ಸಾಧಿಸಬಹುದು. ಫ್ಲೀಟ್ ಮೊದಲಾದ ವಿದ್ವಾಂಸರು ಹಾಗೆ ಗುಣಿಸಿ, ವಡ್ಡವಾರವೆಂದರೆ ಶನಿವಾರವೆಂದು ನಿರ್ಣಯಿಸಿದರು. ಗುರುವಾರವೆಂದೇ ಓದಿದ್ದರೆ ತಿಥಿವಾರಗಳು ಹೊಂದದೆ, ನಿಜವಾದ ದಾನಶಾಸನವೂ ಕೂಟಶಾಸನವೆಂಬ ಅಪವಾದಕ್ಕೆ ಗುರಿಯಾಗುತ್ತಿತ್ತು.

ಲೂಕನ ಸುವಾರ್ತೆಯ 6ನೆಯ ಅಧ್ಯಾಯದ ಆರಂಭದಲ್ಲಿಯೂ ಇಂತಹದೊಂದು ತೊಡಕುಂಟು, ಅದೂ ಶನಿವಾರದ್ದೇ. ಶಿಷ್ಯರು ತೆನೆ ಕಿತ್ತು ತಿಂದ ಸಬ್ಬತ್ ದಿನವನ್ನು ಕೆಲವು ಗ್ರೀಕ್ ಪ್ರತಿಗಳು ‘ದ್ಯೂತೆರೋಪ್ರೋತೋನ್’, ಅಂದರೆ ‘ಎರಡನೆಯ-ಮೊದಲನೆಯ’ದೆಂದು ಕರೆಯುವುವು. ಬೈಬಲಿನಲ್ಲಿ ಮತ್ತೆಲ್ಲಿಯೂ ಈ ಮಾತಿಲ್ಲ. 4ನೆಯ ಶತಮಾನದ ಜೆರೋಮನು ತನ್ನ ಗುರುವಾದ ಗ್ರೆಗೊರಿಯನ್ನು ಇದರ ಅರ್ಥ ಕೇಳಲು, ಆತನು ಸಭೆಯಲ್ಲಿ ಹೇಳುವೆನೆಂದು ವಿನೋದದಿಂದ ಜಾರಿಕೊಂಡನು. ಪಸ್ಕ ಹಬ್ಬದ ಎರಡನೆಯ ದಿನದ ಅನಂತರದ ಮೊದಲ ಸಬ್ಬತ್ತೆಂದು ಸ್ಕ್ಯಾಲಿಜರನು ಅರ್ಥೈಸಿದನು. ಆದರೆ ಅತಿ ಪ್ರಾಚೀನವಾದ ವ್ಯಾಟಿಕನ್, ಸಿನಾಯ್ ಪ್ರತಿಗಳಲ್ಲಿ ಶಬ್ದವೇ ಇಲ್ಲ. ಒಬ್ಬ ಲಿಪಿಕಾರನು ‘ಮೊದಲನೆಯ’ ಎಂದು ಸೇರಿಸಲು, ಮತ್ತೊಬ್ಬನು ‘ಎರಡನೆಯ’ ಎಂದು ತಿದ್ದಲು, ಮುಂದಿನವನು ಎರಡನ್ನೂ ಕೂಡಿಸಿ ಬರೆದನೆಂದು ಹಲವು ಪಂಡಿತರ ಮತ.

ಅಲ್ಲಿ ಮಾಸವಿಲ್ಲ, ತಿಥಿಯಿಲ್ಲ. ಗುಣಿಸಿ ನೋಡಲು ಆಧಾರವಿಲ್ಲ. ನಮ್ಮ ಶಾಸನದ ಕರಣಿಕನಾದರೋ ತಿಥಿಯೊಡನೆ ವಾರವನ್ನೂ ಬರೆದಿಟ್ಟನು. ಆ ಎಚ್ಚರಿಕೆಯಿಂದಲೇ ಜನರು ಮರೆತ ಶಬ್ದಕ್ಕೆ ಅರ್ಥವು ಮರಳಿ ದೊರಕಿತು.