ಹನ್ನೊಂದು ಬಾಡಿಗೆ ಸೈಕಲ್ಲು

ಟೇಕಲ್ ಚರಿತ್ರೆ ಬರೆಯುವವರು ಕೋಟೆಯಿಂದ ಶುರು ಮಾಡುತ್ತಾರೆ. ಇಮ್ಮಡಿ ದೇವರಾಯನ ಕಾಲದಲ್ಲಿ ಸಾಳುವ ಗೋಪರಾಜ ಇಲ್ಲಿಂದ ಆಳಿದ. ಬಿ. ಎಲ್. ರೈಸ್ 1905ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಕೋಲಾರ ಸಂಪುಟದಲ್ಲಿ ನಮ್ಮೂರ ಶಾಸನಗಳಿವೆ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತು. ಹಳಿ ನಮ್ಮ ಬಂಡೆಗಳ ನಡುವೆಯೇ ಹಾಯಿತು. ಬಾಡಿಗೆ ಸೈಕಲ್ಲಿನ ಮಾತು ಮಾತ್ರ ಎಲ್ಲೂ ಇಲ್ಲ. ಅದನ್ನು ನಾನೇ ಬರೆಯಬೇಕು, ಏಕೆಂದರೆ ನಮ್ಮಪ್ಪನದು ಸೈಕಲ್ ಅಂಗಡಿ.

ಹದಿನಾಲ್ಕು ಸೈಕಲ್ಲಿದ್ದವು. ಹೆಚ್ಚಿನವು ಹರ್ಕ್ಯುಲಿಸ್. 1949ರಲ್ಲಿ ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಕಾರ್ಖಾನೆ ಶುರುವಾದ ಮೇಲೆ ಆ ಗಾಡಿ ನಮ್ಮ ಕಡೆ ಮನೆಮಾತಾಯಿತು. ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಗಿರಾಕಿಗಳು ಬಹುಪಾಲು ಕಲ್ಲು ಕೆಲಸದವರು. ಬಂಡೆಗೆ ಸಾಲಾಗಿ ಗುಳಿ ಹೊಡೆದು, ಬೆಣೆ ಇಟ್ಟು, ಸುತ್ತಿಗೆಯಲ್ಲಿ ಒಂದೊಂದಾಗಿ ಬಡಿಯುತ್ತ ಹೋದರೆ ಚಪ್ಪಡಿ ಬಿಡುತ್ತದೆ. ಅಷ್ಟರಲ್ಲಿ ಉಳಿಯ ಮೊನೆ ಸವೆದಿರುತ್ತದೆ. ಸವೆದ ಉಳಿಗಳನ್ನು ಗೋಣಿಯಲ್ಲಿ ಸುತ್ತಿ ಕ್ಯಾರಿಯರಿಗೆ ಕಟ್ಟಿಕೊಂಡು ಕುಲುಮೆಗೆ ಒಯ್ದು, ಹದ ಹಾಕಿಸಿ ತರುವುದಕ್ಕೆ ಒಂದು ಗಂಟೆ ಬಾಡಿಗೆ. ಆ ಸೈಕಲ್ಲುಗಳ ಪ್ರಯಾಣ ವರ್ಷವೆಲ್ಲ ಅಷ್ಟೇ ದೂರದ್ದು.

ಶಿವರಾತ್ರಿ ದಿನ ಮಾತ್ರ ಬೇರೆ. ಮುಳಬಾಗಿಲು ತಾಲ್ಲೂಕಿನ ಆವಣಿಯಲ್ಲಿ ರಾಮಲಿಂಗೇಶ್ವರನ ಜಾತ್ರೆ, ಜೊತೆಗೆ ದೊಡ್ಡ ದನಗಳ ಪರಿಷೆ. ಆ ಊರಿಗೆ ರೈಲಿಲ್ಲ. ಕಲ್ಲು ಕೆಲಸದ ಹುಡುಗರು ಇಡೀ ದಿನದ ಬಾಡಿಗೆಗೆ ಸೈಕಲ್ ಹಿಡಿದು ಗುಂಪಾಗಿ ಹೊರಡುತ್ತಿದ್ದರು. ಹೋಗಿ ಬರುವುದು ನೂರು ಕಿಲೋಮೀಟರ್ ಹತ್ತಿರ. 1983ರಲ್ಲಿ ಹನ್ನೊಂದು ಸೈಕಲ್ ಹೊರಟವು. ಪಂಕ್ಚರ್ ಹಾಕುವುದಕ್ಕೆಂದು ಅಪ್ಪ ನನ್ನನ್ನೂ ಕಳಿಸಿದರು. ನನಗೆ ಹದಿನೈದು.

ಕೋಳಿ ಕೂಗುವ ಮೊದಲೇ ಬಿಟ್ಟೆವು. ಬಂಗಾರಪೇಟೆಯವರೆಗೆ ಹಾಡು, ಕೇಕೆ. ಆಮೇಲೆ ಮೂಡಣ ಗಾಳಿ ಎದ್ದಿತು. ನಮ್ಮ ದಾರಿಯೂ ಮೂಡಣಕ್ಕೇ. ಎದೆಗೆ ಕೈಕೊಟ್ಟು ತಳ್ಳಿದಂತಾಗುತ್ತಿತ್ತು. ಕೆಜಿಎಫ್ ಬಳಿ ಸೈನೈಡ್ ದಿಬ್ಬಗಳು ಕಂಡವು. ಚಿನ್ನ ತೆಗೆದು ಉಳಿದ ಬೂದುಮಣ್ಣು ಅದು. 1880ರಿಂದ ಜಾನ್ ಟೇಲರ್ ಕಂಪನಿ, ಆಮೇಲೆ ಸರ್ಕಾರ ಪಾತಾಳದಿಂದ ಎತ್ತಿ ಸುರಿದದ್ದು. ಗಾಳಿಗೆ ಆ ಹುಡಿ ಎದ್ದು ಕಣ್ಣು, ಬಾಯಿ, ಚೈನು ಎಲ್ಲಕ್ಕೂ ತುಂಬಿತು. ನಮ್ಮವರು ದಿನವೂ ಕಲ್ಲುಪುಡಿ ಕುಡಿಯುವ ಜನ. ಅವರೇ ಟವೆಲಿನಲ್ಲಿ ಮೂಗು ಕಟ್ಟಿಕೊಂಡರು.

ಬೇತಮಂಗಲ ಮುಟ್ಟುವಷ್ಟರಲ್ಲಿ ಆರು ಪಂಕ್ಚರ್, ಎಲ್ಲವೂ ಜಾಲಿಮುಳ್ಳಿನವು. ಕೆರೆಯ ದಡದಲ್ಲಿ ಟ್ಯೂಬನ್ನು ನೀರಿಗದ್ದಿ ಗುಳ್ಳೆ ನೋಡಿ, ಮರಳುಕಾಗದ ಉಜ್ಜಿ, ಸೊಲ್ಯೂಷನ್ ಹಚ್ಚಿ ಕೂತೆ. ಗಣಿಗಳಿಗೆ ಕುಡಿಯುವ ನೀರು ಹೋಗುತ್ತಿದ್ದುದು ಇದೇ ಪಾಲಾರ್ ಕೆರೆಯಿಂದ. ಏಳನೆಯದು ಆಗುವಾಗ ಸೊಲ್ಯೂಷನ್ ಟ್ಯೂಬು ಬರಿದಾಯಿತು. ಉಪವಾಸವಿದ್ದ ಹುಡುಗನೊಬ್ಬ ಬಿಸಿಲಿಗೆ ತಲೆ ಸುತ್ತಿ ಬಿದ್ದ. ಗುಂಪಿನಲ್ಲಿ ಹಿರಿಯನಾದ ಉಳಿ ಹದ ಹಾಕುವವನು ಅವನನ್ನು ತನ್ನ ಬಾರಿನ ಮೇಲೆ ಕೂರಿಸಿಕೊಂಡ. ಪಂಕ್ಚರಾದ ಸೈಕಲ್ಲನ್ನೂ ಬಿದ್ದ ಹುಡುಗನದನ್ನೂ ಸರದಿಯ ಮೇಲೆ ತಳ್ಳಿದೆವು. ‘ಯಾರನ್ನೂ ಬಿಟ್ಟು ಹೋಗೋ ಹಂಗಿಲ್ಲ ಕಣ್ರೋ’ ಎಂದು ಅವನು ಒಂದೇ ಸಲ ಹೇಳಿದ. ಮುಂದೆ ಹೋದವರೂ ತಿರುಗಿ ಬಂದರು.

ಆವಣಿಯಲ್ಲಿ ನೊಳಂಬರ ಕಾಲದ ಗುಡಿಗಳ ನೆರಳಲ್ಲಿ ಎಲ್ಲರೂ ಅಂಗಾತ ಮಲಗಿದೆವು. ಲವಕುಶರು ಹುಟ್ಟಿದ ಜಾಗವೆನ್ನುವ ಬೆಟ್ಟ ಎದುರಿಗೇ ಇದ್ದರೂ ಹತ್ತುವ ಶಕ್ತಿ ಯಾರಿಗೂ ಇರಲಿಲ್ಲ. ಪಾನಕ ಕುಡಿದೆವು. ಉಳಿಯವನು ಮಾತ್ರ ಎದ್ದು ಹೋಗಿ ಗುಡಿಯ ಕಂಬವೊಂದರ ಮೇಲೆ ಬೆರಳಾಡಿಸುತ್ತ ಬಹಳ ಹೊತ್ತು ನಿಂತ. ಸಾವಿರ ವರ್ಷದ ಹಿಂದಿನ ಉಳಿಯ ಗುರುತುಗಳನ್ನು ತನ್ನ ಕಸುಬಿನವನು ಬಿಟ್ಟುಹೋದ ಕಾಗದದಂತೆ ಓದುತ್ತಿದ್ದ. ನಾನು ಆಮೇಲೆ ಎಷ್ಟೋ ಗುಡಿ ನೋಡಿದ್ದೇನೆ. ಹಾಗೆ ನೋಡಿದವರನ್ನು ಮತ್ತೆ ಕಂಡಿಲ್ಲ.

ಪರಿಷೆಯಲ್ಲಿ ಸೊಲ್ಯೂಷನ್ ಸಿಕ್ಕಿತು. ಸಂಜೆ ಹೊರಟಾಗ ಗಾಳಿ ಬೆನ್ನಿಗಿತ್ತು, ಆದರೆ ಶಿವರಾತ್ರಿ ಎಂದರೆ ಅಮಾವಾಸ್ಯೆಯ ಹಿಂದಿನ ದಿನ, ತಿಂಗಳ ಬೆಳಕಿಲ್ಲ. ಹನ್ನೊಂದರಲ್ಲಿ ಡೈನಮೋ ಇದ್ದದ್ದು ಎರಡಕ್ಕೆ. ಒಂದು ಮುಂದೆ, ಒಂದು ಹಿಂದೆ, ನಡುವೆ ನಾವು ಒಂಬತ್ತು ಮಂದಿ ಒಬ್ಬರ ಬೆಲ್ಲು ಒಬ್ಬರು ಕೇಳುತ್ತ ಬಂದೆವು. ದಾರಿಯ ಹಳ್ಳಿಗಳಲ್ಲಿ ಜಾಗರಣೆಯ ಭಜನೆ ನಡೆದಿತ್ತು. ಪ್ರತಿ ಭಜನೆಮನೆಯಲ್ಲೂ ನೀರು ಕೊಟ್ಟರು, ಕೂರಿ ಎಂದರು.

ಅಪ್ಪ ಲಾಟೀನು ಹಚ್ಚಿಟ್ಟುಕೊಂಡು ಅಂಗಡಿಯ ಚಪ್ಪಡಿಯ ಮೇಲೆ ಕೂತಿದ್ದರು. ಎಣಿಸಿದರು. ಸೈಕಲ್ಲುಗಳನ್ನಲ್ಲ, ನಮ್ಮನ್ನು. ಆಮೇಲೆ ಲೆಕ್ಕದ ಪುಸ್ತಕ ತೆಗೆದು, ಹನ್ನೊಂದು ನಂಬರುಗಳ ಮುಂದೆ ‘ಬಂದ ಹೊತ್ತು’ ಎಂಬ ಕಡೆ ರಾತ್ರಿ ಒಂದೂಕಾಲು ಎಂದು ಬರೆದು, ಬಾಡಿಗೆಯ ಕಡೆ ಹಗಲಿನದಷ್ಟನ್ನೇ ಬರೆದರು. ಆ ಪುಸ್ತಕ ನನ್ನ ಹತ್ತಿರವಿದೆ. ಪುಟದ ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ಬೂದು ಗುರುತು ಇನ್ನೂ ಉಳಿದಿದೆ.