ಝಿಪ್‌ಲೈನ್: ಕಾರವಾರ, ಅಂಕೋಲಾದಲ್ಲಿ ತಂತಿ ಕಟ್ಟುವ ಮೊದಲು ಕೇಳಬೇಕಾದ್ದೇನು?

ಕಾರವಾರ, ಅಂಕೋಲಾದಲ್ಲಿ ಸಹ್ಯಾದ್ರಿ ಕಡಲಿಗೆ ತೀರಾ ಹತ್ತಿರ ಬರುತ್ತದೆ. ಗುಡ್ಡದ ಮೇಲೆ ನಿಂತರೆ ಕಾಲ ಕೆಳಗೆ ಕಾಡು, ಎದುರಿಗೆ ಅರಬ್ಬಿ ಸಮುದ್ರ. ಇಲ್ಲೊಂದು ಝಿಪ್‌ಲೈನ್ ಇದ್ದರೆ ಹೇಗಿರುತ್ತೆ ಅಂತ ಅನಿಸೋದು ಸಹಜ. ರೀಲ್ಸ್‌ಗೂ ಚೆಂದ, ಊರಿಗೂ ನಾಲ್ಕು ಕಾಸು. ಬೇಡ ಅನ್ನೋದು ಈ ಬರಹದ ವಾದವಲ್ಲ. ಆದರೆ ಹಾರುವವರಿಗೂ ಊರಿನವರಿಗೂ ಕೆಲವು ಸಂಗತಿ ಗೊತ್ತಿರಬೇಕು.

ಇದು ಕೆಲಸ ಮಾಡೋದು ಹೇಗೆ?

ಒಂದು ತುದಿ ಎತ್ತರದಲ್ಲಿ, ಇನ್ನೊಂದು ತಗ್ಗಿನಲ್ಲಿ. ನಡುವೆ ಉಕ್ಕಿನ ಕೇಬಲ್, ಅದರ ಮೇಲೆ ರಾಟೆ, ರಾಟೆಗೆ ನೇತುಹಾಕಿದ ಬೆಲ್ಟಿನಲ್ಲಿ ನೀವು. ಮೋಟಾರ್ ಇಲ್ಲ, ಎಳೆಯೋದು ಗುರುತ್ವಾಕರ್ಷಣೆ. ಗಾಳಿ ಮತ್ತು ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, 20 ಮೀಟರ್ ಕೆಳಗಿಳಿಯುವಷ್ಟರಲ್ಲಿ ವೇಗ ಗಂಟೆಗೆ ಸುಮಾರು 70 ಕಿ.ಮೀ. ನಿಜದಲ್ಲಿ ಇದಕ್ಕಿಂತ ಕಡಿಮೆ ಇರುತ್ತೆ. ಆದರೂ ಆ ವೇಗದ ದೇಹವನ್ನು ನಿಲ್ಲಿಸಲೇಬೇಕು. ಹಾಗಾಗಿ ಮುಖ್ಯ ಬ್ರೇಕ್ ಕೈಕೊಟ್ಟರೆ ತಾನಾಗಿಯೇ ಹಿಡಿಯುವ ಎರಡನೇ ಬ್ರೇಕ್ ಇದೆಯಾ ಅನ್ನೋದು ಮೊದಲ ಪ್ರಶ್ನೆ.

ಕೇಬಲ್ ಬಿಗಿಯಾಗಿದ್ದಷ್ಟೂ ಒಳ್ಳೇದಾ?

ಅಲ್ಲ. 100 ಮೀಟರ್ ಉದ್ದದ ಕೇಬಲ್ಲಿನ ನಡುವೆ 80 ಕಿಲೋ ತೂಕದ ವ್ಯಕ್ತಿ ಇದ್ದಾಗ ಅದು 5 ಮೀಟರ್ ಜೋಲಿದರೆ, ಕೇಬಲ್ ಮೇಲಿನ ಎಳೆತ ಸುಮಾರು 400 ಕಿಲೋ ಭಾರಕ್ಕೆ ಸಮ. ಜೋಲು 2 ಮೀಟರ್‌ಗೆ ಇಳಿಯುವಂತೆ ಬಿಗಿದರೆ ಎಳೆತ 1,000 ಕಿಲೋಗೆ ಏರುತ್ತದೆ. ಕೇಬಲ್ಲಿನ ಸ್ವಂತ ತೂಕದ ಲೆಕ್ಕ ಬೇರೆ. ಇಷ್ಟನ್ನೂ ಹೊರಬೇಕಾದ್ದು ಎರಡು ತುದಿಯ ಕಂಬ ಮತ್ತು ಅವುಗಳ ಕೆಳಗಿನ ನೆಲ.

ಕರಾವಳಿಯಲ್ಲಿ ಏನು ವ್ಯತ್ಯಾಸ?

ಒಂದು, ಉಪ್ಪು. ಕಡಲ ಗಾಳಿಯ ಉಪ್ಪು ಕೇಬಲ್ಲಿನ ಎಳೆಗಳ ನಡುವೆ ಸೇರಿ ಒಳಗಿಂದ ತುಕ್ಕು ಹಿಡಿಸಬಹುದು. ಹೊರಗೆ ಫಳಫಳ ಅಂದ ಮಾತ್ರಕ್ಕೆ ಕೇಬಲ್ ಗಟ್ಟಿ ಅಂತಲ್ಲ.

ಇನ್ನೊಂದು, ಮಳೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು, ಮಣ್ಣು ಗಂಗಾವಳಿಗೂ ಇಳಿಯಿತು. 11 ಜನರನ್ನು ಕಳೆದುಕೊಂಡೆವು. ನದಿಯೊಳಗಿದ್ದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಇಂಥ ಗುಡ್ಡದಲ್ಲಿ ಕಂಬ ನೆಡುವ ಮೊದಲು ಮಣ್ಣಿನ ಪರೀಕ್ಷೆ ಆಗಲೇಬೇಕು.

ಅಪಘಾತ ಆಗಿದೆಯಾ?

ಆಗಿದೆ. 2020ರ ಅಕ್ಟೋಬರ್‌ನಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಪ್ಯಾರಾಮೋಟಾರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಅಧಿಕಾರಿಯೊಬ್ಬರು ಮೃತಪಟ್ಟರು. 2024ರ ಮೇ ತಿಂಗಳಲ್ಲಿ ಹಾರೋಹಳ್ಳಿ ಬಳಿಯ ರೆಸಾರ್ಟ್ ಒಂದರಲ್ಲಿ ಝಿಪ್‌ಲೈನ್ ಕೇಬಲ್ ತುಂಡಾಗಿ ಮಹಿಳೆಯೊಬ್ಬರು ಪ್ರಾಣ ಕಳೆದುಕೊಂಡರು.

ಕಾನೂನು ಏನನ್ನುತ್ತೆ?

ಕೇಂದ್ರದ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಝಿಪ್‌ಲೈನ್ ಕೂಡ ಇದೆ. ಆದರೆ ಮಾರ್ಗಸೂಚಿ ಅಂದರೆ ಸಲಹೆ, ಕಾನೂನಲ್ಲ. ನ್ಯೂಜಿಲೆಂಡ್‌ನಲ್ಲಿ ಹಾಗಲ್ಲ. ಅಲ್ಲಿನ 2016ರ ನಿಯಮಗಳ ವ್ಯಾಪ್ತಿಗೆ ಬರುವ ಸಾಹಸ ಚಟುವಟಿಕೆ ನಡೆಸಬೇಕಾದರೆ ಸುರಕ್ಷತಾ ಆಡಿಟ್ ಪಾಸಾಗಿ ನೋಂದಣಿ ಆಗಿರಬೇಕು.

ಕಾಡಿನ ವಿಷಯದಲ್ಲಿ ಬಾಗಿಲು ಸಡಿಲವಾಗಿದೆ. ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿ ಪ್ರಕಾರ, ಅರಣ್ಯ ಇಲಾಖೆಯ ಯೋಜನೆಯಲ್ಲಿ ಸೇರಿಸಿದ ಪರಿಸರ ಪ್ರವಾಸೋದ್ಯಮ ಸೌಲಭ್ಯಗಳನ್ನು ಅರಣ್ಯೇತರ ಬಳಕೆ ಅಂತ ಪರಿಗಣಿಸುವುದಿಲ್ಲ. ಕಡಲ ಕಡೆಗೆ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇದೆ. ಇವೆರಡೂ ನೋಡೋದು ಜಾಗವನ್ನು, ಕೇಬಲ್ಲಿನ ಗಟ್ಟಿತನವನ್ನಲ್ಲ.

ಹಾಗಾದರೆ ಏನು ಕೇಳಬೇಕು?

- ಕೇಬಲ್ ಪರೀಕ್ಷೆ ಕೊನೆಯದಾಗಿ ಯಾವಾಗ ಆಯಿತು? ಮಾಡಿದವರು ಯಾರು, ಹೊರಗಿನವರಾ, ನಡೆಸುವವರದೇ ಜನರಾ?
- ಆ ವರದಿ ಟಿಕೆಟ್ ಕೌಂಟರಿನಲ್ಲಿ ಓದಲು ಸಿಗುತ್ತಾ?
- ಯಾವ ಗಾಳಿಗೆ, ಯಾವ ಮಳೆಗೆ ನಿಲ್ಲಿಸುತ್ತಾರೆ?
- ನಡುವೆ ಸಿಕ್ಕಿಕೊಂಡರೆ ಇಳಿಸೋರು ಯಾರು? ತರಬೇತಿ ಆಗಿದೆಯಾ?
- ಕೆಲಸ ಸ್ಥಳೀಯರಿಗಾ? ವರ್ಷಪೂರ್ತಿಯಾ, ಸೀಸನ್‌ಗೆ ಮಾತ್ರವಾ? ಅವರಿಗೆ ವಿಮೆ ಇದೆಯಾ?

ಕೊನೆಗೆ ಒಂದು ಮಾತು. ನದಿಯ ಮೇಲೆ ಉಕ್ಕಿನ ತಂತಿ ಅಂಕೋಲಾಕ್ಕೆ ಹೊಸದಲ್ಲ. ಗಂಗಾವಳಿಗೆ ಅಡ್ಡಲಾಗಿ ರಾಮನಗುಳಿ ಮತ್ತು ಡೋಂಗ್ರಿಯಲ್ಲಿ ತೂಗುಸೇತುವೆಗಳಿದ್ದವು. ಆಚೆ ದಡದ ಊರುಗಳಿಗೆ ಶಾಲೆ, ಆಸ್ಪತ್ರೆ, ಪೇಟೆಯ ದಾರಿ ಅವೇ. 2019ರ ಆಗಸ್ಟ್‌ನ ನೆರೆಯಲ್ಲಿ ಎರಡೂ ಕೊಚ್ಚಿಹೋದವು. ನೆರೆ ಎಷ್ಟು ಎತ್ತರಕ್ಕೆ ಬರುತ್ತೆ, ಯಾವ ದಡ ಕುಸಿಯುತ್ತೆ ಅನ್ನೋದು ಆ ಸೇತುವೆ ದಾಟಿದವರಿಗೆ ಗೊತ್ತು. ಝಿಪ್‌ಲೈನ್ ಯೋಜನೆ ಬಂದರೆ ಮೊದಲು ಗ್ರಾಮಸಭೆಯಲ್ಲಿ ಅವರನ್ನು ಕೇಳಲಿ. ಪ್ರವಾಸಿಯನ್ನು ಹೊರುವ ತಂತಿಗೆ ದುಡ್ಡು ಹುಟ್ಟುವ ಜಿಲ್ಲೆಯಲ್ಲಿ, ಶಾಲೆಗೆ ಹೋಗುವ ಮಕ್ಕಳ ಸೇತುವೆ ಎಲ್ಲಿಗೆ ಬಂತು ಅಂತ ಅದೇ ಸಭೆಯಲ್ಲಿ ಕೇಳುವ ಹಕ್ಕೂ ಅವರಿಗಿದೆ.